ತಾಳೆಯಾದ ಲೆಕ್ಕವೂ ತಪ್ಪಿರಬಹುದು: ಕಂಪ್ಯೂಟರ್ ಅಕೌಂಟ್ಸ್ ಕಲಿಯಲು ಹೊರಟವರಿಗೆ

ಪ್ರಶ್ನೆ: ನನಗೆ 34 ವರ್ಷ. ಕಾಮರ್ಸ್ ಓದಿದವಳಲ್ಲ. ಮಕ್ಕಳು ಚಿಕ್ಕವರಿದ್ದಾಗ ಕೆಲಸ ಬಿಟ್ಟು ಆರು ವರ್ಷ ಮನೆಯಲ್ಲೇ ಇದ್ದೆ. ಈಗ ಅಕೌಂಟ್ಸ್ ಕೆಲಸಕ್ಕೆ ಸೇರುವ ಆಸೆ. ಮೂರು ತಿಂಗಳ ಕಂಪ್ಯೂಟರ್ ಅಕೌಂಟಿಂಗ್ ಕೋರ್ಸ್ ಒಂದಿದೆ, ಮುಗಿದ ಕೂಡಲೇ ಕೆಲಸ ಗ್ಯಾರಂಟಿ ಅನ್ನುತ್ತಾರೆ. ಸೇರಬಹುದಾ? ‘ಎಲ್ಲವನ್ನೂ ಸಾಫ್ಟ್‌ವೇರೇ ಮಾಡುತ್ತೆ, ಈಗ ಕಲಿತು ಏನು ಪ್ರಯೋಜನ’ ಅಂತಲೂ ಕೆಲವರು ಹೆದರಿಸುತ್ತಿದ್ದಾರೆ.

ಉತ್ತರ:

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಒಂದು ಘಟನೆಯಿಂದ ಶುರು ಮಾಡುತ್ತೇನೆ. ನಮ್ಮ ಕಚೇರಿಗೆ ಒಂದು ದೊಡ್ಡ ಯಂತ್ರ ಕೊಂಡರು. ಅದನ್ನು ಮಾರಿದವರೇ ನಮ್ಮ ಹಳೆಯ ಯಂತ್ರಗಳ ರಿಪೇರಿಯನ್ನೂ ಮಾಡುತ್ತಿದ್ದರು. ಬಿಲ್ಲಿನ ಮೇಲೆ ಅವರ ಹೆಸರು ನೋಡಿದೆ, ಸೀದಾ ‘ದುರಸ್ತಿ ಖರ್ಚು’ ಖಾತೆಗೆ ಹಾಕಿದೆ. ಕಂಪ್ಯೂಟರ್ ತಕರಾರು ಮಾಡಲಿಲ್ಲ. ತಿಂಗಳ ಕೊನೆಗೆ ಟ್ರಯಲ್ ಬ್ಯಾಲೆನ್ಸ್ ತೆಗೆದೆ, ಅಂದರೆ ಎಲ್ಲ ಖಾತೆಗಳ ಡೆಬಿಟ್ (ಎಡಗಡೆ), ಕ್ರೆಡಿಟ್ (ಬಲಗಡೆ) ಶಿಲ್ಕುಗಳನ್ನು ಕೂಡಿ ಎರಡೂ ಮೊತ್ತ ಸರಿಬರುತ್ತವಾ ಅಂತ ನೋಡುವ ಪಟ್ಟಿ. ಕೊನೆಯ ಅಂಕಿಯವರೆಗೂ ತಾಳೆಯಾಗಿತ್ತು. ಹತ್ತು ತಿಂಗಳು ಹಾಗೇ ನಡೆಯಿತು. ವರ್ಷದ ಕೊನೆಗೆ ಆಡಿಟರ್ ಬಂದು ‘ಈ ಸಲ ದುರಸ್ತಿಗೆ ಇಷ್ಟೊಂದು ಯಾಕೆ?’ ಅಂತ ಕೇಳಿದಾಗ ನನ್ನ ಕೈಕಾಲು ತಣ್ಣಗಾಯಿತು. ವರ್ಷಗಟ್ಟಲೆ ಬಳಸುವ ಯಂತ್ರ ಆಸ್ತಿ; ಅದನ್ನು ಒಮ್ಮೆಗೇ ಖರ್ಚು ಅಂತ ಬರೆದಿದ್ದರಿಂದ ಅಷ್ಟೂ ತಿಂಗಳು ನಾನು ಕೊಟ್ಟ ವರದಿಗಳಲ್ಲಿ ಲಾಭ ಇದ್ದುದಕ್ಕಿಂತ ಕಡಿಮೆ ಕಾಣುತ್ತಿತ್ತು. ಆ ವರದಿ ನೋಡಿಯೇ ಮಾಲೀಕರು ಒಬ್ಬ ಹೊಸ ನೌಕರನನ್ನು ತೆಗೆದುಕೊಳ್ಳುವುದನ್ನು ಮುಂದಕ್ಕೆ ಹಾಕಿದ್ದರು.

ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಈ ಘಟನೆಯಲ್ಲೇ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೈಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುವುದು ದೊಡ್ಡ ಸಂಗತಿ. ಕೂಡುವಾಗ ತಪ್ಪಬಹುದಿತ್ತು. ಡೆಬಿಟ್ ಬರೆದು ಕ್ರೆಡಿಟ್ ಬರೆಯಲು ಮರೆಯಬಹುದಿತ್ತು. ಎರಡೂ ಕಡೆಯ ಮೊತ್ತ ಸರಿಬಂತು ಅಂದರೆ ಅಂಥ ತಪ್ಪುಗಳು ಇಲ್ಲ ಅಂತ ಅರ್ಧ ಧೈರ್ಯ ಬರುತ್ತಿತ್ತು. ಈಗ ಸಾಫ್ಟ್‌ವೇರ್ ಒಂದು ಕಡೆ ಮಾತ್ರ ಬರೆದ ವೋಚರನ್ನು (ಒಂದು ವಹಿವಾಟಿನ ನಮೂದನ್ನು) ಸೇವ್ ಮಾಡಲು ಬಿಡುವುದೇ ಇಲ್ಲ. ಕೂಡುವುದರಲ್ಲೂ ತಪ್ಪುವುದಿಲ್ಲ. ಹಾಗಾಗಿ ಲೆಕ್ಕ ಯಾವಾಗಲೂ ತಾಳೆಯಾಗಿಯೇ ಇರುತ್ತದೆ, ಸರಿಯಿದ್ದರೂ ತಪ್ಪಿದ್ದರೂ. ‘ತಾಳೆಯಾಯ್ತು’ ಅನ್ನುವ ಮಾತಿಗೆ ಹಿಂದೆ ಇದ್ದ ಬೆಲೆ ಈಗಿಲ್ಲ.

ತಾಳೆಯಾದ ಮೇಲೂ ಉಳಿಯುವ ತಪ್ಪುಗಳು ಎಷ್ಟಿವೆ ನೋಡಿ. ಒಂದು ಬಿಲ್ಲನ್ನು ಬರೆಯದೇ ಬಿಟ್ಟಿರಬಹುದು. ಒಬ್ಬ ಗ್ರಾಹಕರು ಕೊಟ್ಟ ಹಣವನ್ನು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಹಾಕಿರಬಹುದು. ಆಸ್ತಿಯನ್ನು ಖರ್ಚು ಅಂತ ಬರೆದಿರಬಹುದು, ನಾನು ಮಾಡಿದ ಹಾಗೆ. ಡೆಬಿಟ್ ಆಗಬೇಕಾದದ್ದು ಕ್ರೆಡಿಟ್ ಆಗಿ, ಕ್ರೆಡಿಟ್ ಆಗಬೇಕಾದದ್ದು ಡೆಬಿಟ್ ಆಗಿ, ಪೂರ್ತಿ ತಲೆಕೆಳಗಾಗಿರಬಹುದು. 5,400 ಅನ್ನು 4,500 ಅಂತ ಎರಡೂ ಕಡೆ ಹೊಡೆದಿರಬಹುದು. ಅದೇ ಬಿಲ್ಲನ್ನು ಎರಡು ಸಲ ಬರೆದಿರಬಹುದು. ಇವುಗಳಲ್ಲಿ ಒಂದನ್ನೂ ಟ್ರಯಲ್ ಬ್ಯಾಲೆನ್ಸ್ ಹಿಡಿಯುವುದಿಲ್ಲ. ಹಿಡಿಯಬೇಕಾದವರು ನೀವು. ಆದ್ದರಿಂದ ಯಾವ ಕೋರ್ಸ್ ಆಗಲಿ, ನಾನು ಮೊದಲು ನೋಡುವುದು ಒಂದನ್ನೇ: ಇವರು ಎಂಟ್ರಿ ಹೊಡೆಯುವುದನ್ನು ಮಾತ್ರ ಕಲಿಸುತ್ತಾರಾ, ತಪ್ಪು ಹುಡುಕುವುದನ್ನೂ ಕಲಿಸುತ್ತಾರಾ?

ಈಗ ಸಾಫ್ಟ್‌ವೇರ್ ಭಯದ ಮಾತು. ಪ್ರತಿ ವಹಿವಾಟನ್ನೂ ಒಂದು ಖಾತೆಗೆ ಡೆಬಿಟ್, ಇನ್ನೊಂದಕ್ಕೆ ಕ್ರೆಡಿಟ್ ಅಂತ ಎರಡು ಕಡೆ ಬರೆಯುವ ದ್ವಿನಮೂದು ಪದ್ಧತಿಯನ್ನು ವಿವರಿಸಿ ಅಚ್ಚು ಹಾಕಿಸಿದ ಮೊದಲಿಗರಲ್ಲಿ ಲೂಕಾ ಪಚೋಲಿ ದೊಡ್ಡ ಹೆಸರು. ಇಟಲಿಯ ಸನ್ಯಾಸಿ, ಗಣಿತದ ಮೇಷ್ಟ್ರು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತಮ್ಮ ಗಣಿತದ ಗ್ರಂಥದ ಒಂದು ಭಾಗದಲ್ಲಿ ಅವರು ವ್ಯಾಪಾರಿಗಳಿಗೆ ಮೂರು ಪುಸ್ತಕ ಇಡಲು ಹೇಳಿದರು. ಮೊದಲನೆಯದು ನಡೆದದ್ದನ್ನು ನಡೆದ ಹಾಗೆ ಗೀಚಿಡುವ ಪುಸ್ತಕ. ಎರಡನೆಯದು ಜರ್ನಲ್; ಅಲ್ಲಿ ಯಾವುದು ಡೆಬಿಟ್, ಯಾವುದು ಕ್ರೆಡಿಟ್ ಅಂತ ತೀರ್ಮಾನ ಮಾಡಿ ಬರೆಯಬೇಕು. ಮೂರನೆಯದು ಲೆಡ್ಜರ್, ಜರ್ನಲ್‌ನಿಂದ ಒಂದೊಂದು ಖಾತೆಗೂ ಎತ್ತಿ ಬರೆಯಬೇಕು.

ಕಂಪ್ಯೂಟರ್ ಬಂದಾಗ ಪೂರ್ತಿಯಾಗಿ ಕೈಬಿಟ್ಟುಹೋದದ್ದು ಈ ಮೂರನೆಯ ಪುಸ್ತಕದ ಕೆಲಸ. ಎತ್ತಿ ಬರೆಯುವುದು, ಕೂಡುವುದು, ಶಿಲ್ಕು ತೆಗೆಯುವುದು ಎಲ್ಲ ಈಗ ತಾನಾಗಿ ಆಗುತ್ತದೆ. ಈಚೆಗೆ ಮೊದಲ ಪುಸ್ತಕದ ಕೆಲಸವೂ ಅರ್ಧ ಹೋಗಿದೆ. ಬಿಲ್ಲಿನ ಫೋಟೊ ಹಾಕಿದರೆ ಸಾಫ್ಟ್‌ವೇರ್ ತಾರೀಖು, ಮೊತ್ತ ಓದಿಕೊಳ್ಳುತ್ತದೆ. ಬ್ಯಾಂಕಿನ ವಹಿವಾಟು ನೇರವಾಗಿ ಒಳಗೆ ಬರುತ್ತದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ: ಸುಮ್ನೆ ನೋಡಿ ಟೈಪ್ ಮಾಡುವ ಕೆಲಸವನ್ನೇ ನಂಬಿ ಈ ದಾರಿಗೆ ಬರಬೇಡಿ. ಆದರೆ ಎರಡನೆಯ ಪುಸ್ತಕದ ಕೆಲಸ, ಅಂದರೆ ‘ಇದು ಏನು, ಎಲ್ಲಿಗೆ ಸೇರಬೇಕು’ ಅನ್ನುವ ತೀರ್ಮಾನ, ಇನ್ನೂ ಮನುಷ್ಯರ ಮೇಲೇ ನಿಂತಿದೆ. ಸಾಫ್ಟ್‌ವೇರ್ ಊಹೆ ಮಾಡಿ ಒಂದು ಖಾತೆಯನ್ನು ಸೂಚಿಸುತ್ತದೆ. ಒಪ್ಪುವವರು, ಒಪ್ಪದವರು ಬೇಕಲ್ವಾ? ನನ್ನ ಆ ಯಂತ್ರದ ಬಿಲ್ಲನ್ನು ಇಂದಿನ ಸಾಫ್ಟ್‌ವೇರಿಗೆ ಕೊಟ್ಟರೂ ಮಾರಿದವರ ಹೆಸರು, ಹಿಂದಿನ ಎಂಟ್ರಿಗಳು ನೋಡಿ ಅದೂ ‘ದುರಸ್ತಿ’ ಅಂತಲೇ ಹೇಳುವ ಸಂಭವ ಜಾಸ್ತಿ.

ಈ ಭಯ ಹೊಸದೂ ಅಲ್ಲ. ಜೆ. ಲಯನ್ಸ್ ಅನ್ನುವ ಬ್ರಿಟಿಷ್ ಬೇಕರಿ ಮತ್ತು ಟೀ ಅಂಗಡಿಗಳ ಕಂಪನಿ 1951ರಲ್ಲೇ ‘ಲಿಯೋ’ ಎಂಬ ತನ್ನದೇ ಕಂಪ್ಯೂಟರಿನಲ್ಲಿ ಬೇಕರಿ ಮಾಲಿನ ಲೆಕ್ಕ ಮಾಡಿಸಿತ್ತು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಮಾಡಿದ ‘ವಿಸಿಕ್ಯಾಲ್ಕ್’ ಎಂಬ ಕಂಪ್ಯೂಟರ್ ಲೆಕ್ಕದ ಹಾಳೆ (ಸ್ಪ್ರೆಡ್‌ಶೀಟ್) ಬಂತು. ಒಂದು ಅಂಕಿ ಬದಲಿಸಿದರೆ ಇಡೀ ಹಾಳೆ ತಾನೇ ಮತ್ತೆ ಲೆಕ್ಕ ಹಾಕಿಕೊಳ್ಳುತ್ತಿತ್ತು. ಕೂಡಿ ಕಳೆಯುವ ಗಂಟೆಗಳು ಉಳಿದವು. ಆ ಗಂಟೆಗಳಲ್ಲಿ ‘ಹೀಗೆ ಮಾಡಿದರೆ ಏನಾಗುತ್ತದೆ’ ಅಂತ ಕೇಳುವ ಕೆಲಸ ಬೆಳೆಯಿತು.

ಹಾಗಾದರೆ ತರಬೇತಿಯಲ್ಲಿ ಏನಿರಬೇಕು? ಮೊದಲು ಬೆರಳಿನ ವಿಷಯ ಹೇಳಿ ಮುಗಿಸುತ್ತೇನೆ. ಕೀಬೋರ್ಡಿನ ಬಲಗಡೆ ಅಂಕಿಗಳ ಗುಂಪು ಇದೆಯಲ್ಲ, ಅದರಲ್ಲಿ 5ರ ಮೇಲೆ ಸಣ್ಣ ಉಬ್ಬು ಇರುತ್ತದೆ. ನಡುಬೆರಳು ಅಲ್ಲಿಟ್ಟು ಕೀಬೋರ್ಡ್ ನೋಡದೆ ಅಂಕಿ ಹೊಡೆಯಲು ಕಲಿಯಿರಿ. ದಿನಕ್ಕೆ 20 ನಿಮಿಷ ಕೂತರೆ ಕೆಲವೇ ವಾರಗಳಲ್ಲಿ ಬರುತ್ತದೆ. ಕಣ್ಣು ಬಿಲ್ಲಿನ ಮೇಲೇ ಇದ್ದರೆ ತಪ್ಪು ಕಡಿಮೆ. ಇದಕ್ಕೆ ಯಾರಿಗೂ ಫೀಸು ಕೊಡಬೇಕಿಲ್ಲ.

ಫೀಸು ಕೊಟ್ಟು ಕಲಿಯಬೇಕಾದದ್ದು ಬೇರೆ. ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಬ್ಯಾಂಕ್ ತಾಳೆ, ಅಂದರೆ ಬ್ಯಾಂಕ್ ರಿಕನ್ಸಿಲಿಯೇಷನ್. ನಮ್ಮ ಪುಸ್ತಕ ನಾವೇ ಬರೆದದ್ದು. ಬ್ಯಾಂಕಿನ ಸ್ಟೇಟ್‌ಮೆಂಟ್ ಹೊರಗಿನವರು ಬರೆದದ್ದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ನಮ್ಮ ಲೆಕ್ಕಕ್ಕೆ ಹೊರಗಿನ ಸಾಕ್ಷಿ ಸಿಗುವುದು. ಒಂದು ಉದಾಹರಣೆ ಮಾಡೋಣ. ತಿಂಗಳ ಕೊನೆಗೆ ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಶಿಲ್ಕು 84,500. ಸ್ಟೇಟ್‌ಮೆಂಟಿನಲ್ಲಿ 91,200. ವ್ಯತ್ಯಾಸ 6,700. ಒಂದೊಂದೇ ಸಾಲು ಟಿಕ್ ಮಾಡುತ್ತಾ ಹೋದರೆ ಎರಡು ಸಂಗತಿ ಸಿಗುತ್ತವೆ. ನಾವು ಕೊಟ್ಟ 7,000ದ ಚೆಕ್ಕನ್ನು ಪಡೆದವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಬ್ಯಾಂಕ್ ತನ್ನ ಶುಲ್ಕ ಅಂತ 300 ಹಿಡಿದುಕೊಂಡಿದೆ, ಅದು ನಮಗೆ ಗೊತ್ತಿರಲಿಲ್ಲ. ಬ್ಯಾಂಕಿನ 91,200ರಲ್ಲಿ 7,000 ಕಳೆಯಿರಿ, 84,200. ನಮ್ಮ 84,500ರಲ್ಲಿ 300 ಕಳೆಯಿರಿ, ಅದೂ 84,200. ಇಲ್ಲಿ ಯೋಚಿಸಬೇಕಾದದ್ದು ಮುಂದಿನ ಹೆಜ್ಜೆ. 300ಕ್ಕೆ ನಾವು ವೋಚರ್ ಹಾಕಬೇಕು. 7,000ಕ್ಕೆ ಏನೂ ಹಾಕಬಾರದು, ಅದು ಆಗಲೇ ನಮ್ಮ ಪುಸ್ತಕದಲ್ಲಿದೆ. ಈ ವ್ಯತ್ಯಾಸ ತಿಳಿಯದವರು ಲೆಕ್ಕ ಹೊಂದಿಸಲು ಎರಡಕ್ಕೂ ಎಂಟ್ರಿ ಹಾಕಿಬಿಡುತ್ತಾರೆ.

ವ್ಯತ್ಯಾಸ ಸಿಗದೆ ಒದ್ದಾಡುವಾಗ ಹಳಬರು ಹೇಳಿಕೊಡುವ ಎರಡು ಉಪಾಯಗಳಿವೆ. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಅಂಕಿಗಳು ಅದಲುಬದಲಾಗಿವೆಯೇ ನೋಡಿ. 630 ಬದಲು 360 ಹೊಡೆದರೆ ವ್ಯತ್ಯಾಸ 270. ಅದು 9ರ 30 ಪಟ್ಟು. ಇನ್ನೊಂದು, ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತವನ್ನು ಹುಡುಕಿ. ಬಂದ ಹಣವನ್ನು ಕೊಟ್ಟ ಹಣ ಅಂತ ಬರೆದಿದ್ದರೆ ವ್ಯತ್ಯಾಸ ಎರಡು ಪಟ್ಟು ಆಗಿರುತ್ತದೆ. ಇವು ಸುಳಿವು ಮಾತ್ರ, ಆದರೆ ಎಷ್ಟೋ ಸಂಜೆಗಳನ್ನು ಉಳಿಸುತ್ತವೆ. ಸಿಗಲಿಲ್ಲ ಅಂತ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ (ಎಲ್ಲಿಗೆ ಸೇರಬೇಕು ಅಂತ ತಿಳಿಯದ ಮೊತ್ತವನ್ನು ಸದ್ಯಕ್ಕೆ ಇಡುವ ಖಾತೆಗೆ) ತಳ್ಳಿ ಮರೆತುಬಿಡುವ ಅಭ್ಯಾಸ ಮಾತ್ರ ಬೇಡ. ಸಸ್ಪೆನ್ಸ್ ಖಾತೆ ನಾಲ್ಕು ದಿನ ತಂಗುವ ಜಾಗ, ವಾಸದ ಮನೆಯಲ್ಲ.

ಬ್ಯಾಂಕಿನ ವಹಿವಾಟು ತಾನಾಗಿ ಒಳಗೆ ಬರುವ ಸಾಫ್ಟ್‌ವೇರ್‌ಗಳಲ್ಲಿ ಇನ್ನೊಂದು ಅಪಾಯ ಇದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನೀವು ಗ್ರಾಹಕರಿಗೆ ಬಿಲ್ ಮಾಡಿದಾಗಲೇ ಮಾರಾಟ ಲೆಕ್ಕಕ್ಕೆ ಬಂದಿರುತ್ತದೆ. ಆಮೇಲೆ ಅವರು ಹಣ ಕಳಿಸುತ್ತಾರೆ, ಬ್ಯಾಂಕಿನಿಂದ ಆ ಸಾಲು ಒಳಗೆ ಬರುತ್ತದೆ. ಆಗ ಅದನ್ನು ಹಳೆಯ ಬಿಲ್ಲಿಗೆ ಜೋಡಿಸಬೇಕು. ಅವಸರದಲ್ಲಿ ‘ಹೊಸ ಆದಾಯ’ ಅಂತ ಒಪ್ಪಿದರೆ ಒಂದೇ ಮಾರಾಟ ಎರಡು ಸಲ ಆದಾಯವಾಗುತ್ತದೆ. ಬ್ಯಾಂಕ್ ಸರಿಯಾಗಿ ತಾಳೆಯಾಗುತ್ತದೆ, ಟ್ರಯಲ್ ಬ್ಯಾಲೆನ್ಸ್ ಕೂಡ. ಆದರೆ ಹಣ ಕೊಟ್ಟು ಮುಗಿಸಿದ ಗ್ರಾಹಕರು ಇನ್ನೂ ಬಾಕಿದಾರರ ಪಟ್ಟಿಯಲ್ಲೇ ಕೂತಿರುತ್ತಾರೆ. ಆ ಪಟ್ಟಿಯನ್ನು ವಾರಕ್ಕೊಮ್ಮೆ ಓದುವ ಅಭ್ಯಾಸ ಇದ್ದವರಿಗೆ ಈ ತಪ್ಪು ಕಣ್ಣಿಗೆ ಬೀಳುತ್ತದೆ.

ತೀರ್ಮಾನದ ಕೆಲಸ ಅಂದೆನಲ್ಲ, ಅದನ್ನು ಕೋರ್ಸಿನಲ್ಲಿ ಎಷ್ಟು ಕಲಿಸುತ್ತಾರೆ ಅಂತ ತಿಳಿಯಲು ಮೇಷ್ಟ್ರಿಗೆ ಒಂದು ಪ್ರಶ್ನೆ ಕೇಳಿ ನೋಡಿ: ‘ಸಾಲದ ಕಂತು 10,000 ಕಟ್ಟಿದೆವು. ಯಾವ ಖಾತೆಗೆ ಹಾಕಬೇಕು?’ ‘ಸಾಲದ ಖರ್ಚು’ ಅಂತ ಒಂದೇ ಮಾತಿನಲ್ಲಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದರಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಅಂತ ಅವರು ಮೊದಲು ಕೇಳಬೇಕು. ಬಡ್ಡಿ ಖರ್ಚು. ಅಸಲು ಖರ್ಚಲ್ಲ, ಸಾಲ ಇಳಿದದ್ದು. ಹಾಗೆಯೇ ಗ್ರಾಹಕರು ಕೊಟ್ಟ ಮುಂಗಡ ಆದಾಯವಲ್ಲ, ಮಾಲು ಅಥವಾ ಕೆಲಸ ಕೊಡುವವರೆಗೆ ಅದು ನಮ್ಮ ಮೇಲಿನ ಋಣ. ಬಿಲ್ಲಿನಲ್ಲಿ ಸೇರಿಸಿ ವಸೂಲು ಮಾಡಿದ ತೆರಿಗೆಯೂ ನಮ್ಮ ದುಡ್ಡಲ್ಲ, ಸರ್ಕಾರಕ್ಕೆ ಕಟ್ಟಬೇಕಾದದ್ದು. ಇಂಥ ಹತ್ತು ಹದಿನೈದು ಸಂದರ್ಭಗಳನ್ನು ‘ಯಾಕೆ’ ಅಂತ ತಿಳಿದು ಕಲಿತವರು ಯಾವ ಸಾಫ್ಟ್‌ವೇರ್ ಮುಂದೆ ಕೂತರೂ ಗಾಬರಿಯಾಗುವುದಿಲ್ಲ. ಟ್ಯಾಲಿ, ಕ್ವಿಕ್‌ಬುಕ್ಸ್, ಕ್ಸೀರೊ, ಯಾವುದೇ ಇರಲಿ, ಒಳಗಿನ ಲೆಕ್ಕ ಒಂದೇ. ಮೆನು ಬೇರೆ, ಶಾರ್ಟ್‌ಕಟ್ ಬೇರೆ. ಒಂದನ್ನು ಚೆನ್ನಾಗಿ ಕಲಿತವರಿಗೆ ಇನ್ನೊಂದಕ್ಕೆ ಹೊಂದಿಕೊಳ್ಳುವುದು ಕಷ್ಟವಲ್ಲ.

ಮೂರು ತಿಂಗಳು ಸಾಕಾ ಅಂದರೆ, ಆ ಮೂರು ತಿಂಗಳಲ್ಲಿ ಏನು ಮಾಡಿಸುತ್ತಾರೆ ಅನ್ನುವುದರ ಮೇಲಿದೆ. ಅಧ್ಯಾಯಕ್ಕೊಂದು ಬಿಡಿ ಲೆಕ್ಕ ಕೊಟ್ಟು, ಇಂದು ಖರೀದಿ, ನಾಳೆ ಮಾರಾಟ ಅಂತ ಮುಗಿಸುವ ಕಡೆ ಮೂರು ವರ್ಷ ಕೂತರೂ ಅಷ್ಟೆ. ಒಂದೇ ವ್ಯಾಪಾರವನ್ನು ಕೈಗೆ ಕೊಟ್ಟು, ಆರಂಭದ ಶಿಲ್ಕಿನಿಂದ ಶುರುಮಾಡಿ, ಹನ್ನೆರಡು ತಿಂಗಳ ಲೆಕ್ಕ ಬರೆಸಿ, ವರ್ಷ ಮುಗಿಸಿ, ಮುಂದಿನ ವರ್ಷಕ್ಕೆ ಶಿಲ್ಕು ಒಯ್ಯುವವರೆಗೆ ಮಾಡಿಸಬೇಕು. ತಿಂಗಳು ಮುಚ್ಚುವುದನ್ನು, ಅಂದರೆ ಆ ತಿಂಗಳಿಗೆ ಸೇರಬೇಕಾದದ್ದನ್ನೆಲ್ಲ ಆ ತಿಂಗಳಿಗೇ ಹಾಕಿ ಲೆಕ್ಕ ಮುಗಿಸುವುದನ್ನು, ಕಲಿಯುವುದು ಅಲ್ಲೇ. ವರ್ಷಕ್ಕೆ ಒಮ್ಮೆಗೇ 12,000 ವಿಮೆ ಕಟ್ಟಿದರೆ ಆ ತಿಂಗಳ ಖರ್ಚು 1,000 ಮಾತ್ರ, ಉಳಿದ 11,000 ಮುಂಗಡವಾಗಿ ಉಳಿಯುತ್ತದೆ. ಈ ತಿಂಗಳು ಉರಿಸಿದ ಕರೆಂಟಿನ ಬಿಲ್ ಮುಂದಿನ ತಿಂಗಳು ಬಂದರೂ ಖರ್ಚು ಈ ತಿಂಗಳದ್ದೇ. ಯಂತ್ರದ ಸವಕಳಿಗೆ (ಬಳಸುತ್ತಾ ಇಳಿಯುವ ಬೆಲೆಗೆ) ಬಿಲ್ಲೇ ಬರುವುದಿಲ್ಲ, ನಾವೇ ನೆನಪಿಟ್ಟು ಹಾಕಬೇಕು. ಇದನ್ನು ಪುಸ್ತಕದಲ್ಲಿ ಓದುವುದು ಸುಲಭ. ಆರು ಸಲ ತಿಂಗಳು ಮುಚ್ಚಿದ ಮೇಲೆ ಮಾತ್ರ ಕೈಗೆ ಹತ್ತುತ್ತದೆ.

ಇನ್ನೂ ಒಂದು ವಿಷಯ ನೋಡಿ. ಅಭ್ಯಾಸಕ್ಕೆ ಅವರು ಕೊಡುವುದು ಚೆಂದವಾಗಿ ಟೈಪ್ ಮಾಡಿದ ಲೆಕ್ಕವಾ, ಬಿಲ್ಲುಗಳ ಕಟ್ಟಾ? ನಿಜವಾದ ಕೆಲಸದಲ್ಲಿ ಯಾರೂ ‘ನಗದು ಖರೀದಿ’ ಅಂತ ಬರೆದು ಕೊಡುವುದಿಲ್ಲ. ಮಡಚಿದ ರಸೀದಿ, ತಾರೀಖು ಕಾಣದ ಬಿಲ್, ಅರ್ಧ ಹಣ ಕೊಟ್ಟದ್ದು, ವಾಪಸ್ ಕಳಿಸಿದ ಮಾಲು, ಎಲ್ಲ ಒಂದೇ ಕವರಿನಲ್ಲಿ ಬರುತ್ತವೆ. ನಾನು ಕಲಿಸುವಾಗ ಕಟ್ಟಿನಲ್ಲಿ ಬೇಕಂತಲೇ ಒಂದು ಬಿಲ್ಲಿನ ಎರಡು ಪ್ರತಿ ಸೇರಿಸಿಡುತ್ತೇನೆ, ಇನ್ನೊಂದನ್ನು ತೆಗೆದುಬಿಡುತ್ತೇನೆ. ಬಿಲ್ ನಂಬರಿನ ಸಾಲಿನಲ್ಲಿ ಒಂದು ಇಲ್ಲ ಅಂತ ಎದ್ದು ಬಂದು ಕೇಳುವ ವಿದ್ಯಾರ್ಥಿ ಸಿಕ್ಕಿದ ದಿನ ನನಗೆ ನಿಜವಾದ ಖುಷಿ.

ಎಕ್ಸೆಲ್ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅಕೌಂಟ್ಸ್ ಕೆಲಸದ ಎಷ್ಟೋ ಭಾಗ ಅಲ್ಲೇ ನಡೆಯುತ್ತದೆ. ಫಾರ್ಮುಲಾ, ಫಿಲ್ಟರ್, ಪಿವಟ್ ಟೇಬಲ್ ಎಲ್ಲರೂ ಕಲಿಸುತ್ತಾರೆ. ಅದು ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಕೇಳಿ ಕಲಿಯಿರಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನೆನಪಿಡುತ್ತದೆ. 16 ಅಂಕಿಯ ಕಾರ್ಡ್ ನಂಬರನ್ನು ಸುಮ್ನೆ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಮುಂದಿರುವ ಸೊನ್ನೆಗಳು ಮಾಯವಾಗುತ್ತವೆ. ಮೊದಲೇ ಆ ಕಾಲಮ್ಮನ್ನು ‘ಟೆಕ್ಸ್ಟ್’ ಮಾಡಿಡಬೇಕು. 03/04 ಅಂತ ಬರೆದರೆ ಕಂಪ್ಯೂಟರಿನ ಸೆಟ್ಟಿಂಗ್ ನೋಡಿಕೊಂಡು ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ಹಳೆಯ ಮಾದರಿಯ ಎಕ್ಸೆಲ್ ಫೈಲಿನಲ್ಲಿ 65,536 ಸಾಲು ಮಾತ್ರ ಹಿಡಿಯುತ್ತವೆ. 2020ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಮಿತಿಯಿಂದ ಸುಮಾರು 16,000 ಕೋವಿಡ್ ಪ್ರಕರಣಗಳು ಕೆಲವು ದಿನ ಲೆಕ್ಕಕ್ಕೇ ಬರಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಡೇಟಾ ಹಾಕಿದಾಗಲೆಲ್ಲ ಸಾಲುಗಳನ್ನು ಎಣಿಸಿ, ಮೊತ್ತ ಹೋಲಿಸಿ. ಎರಡು ನಿಮಿಷದ ಕೆಲಸ.

‘ಕೆಲಸ ಗ್ಯಾರಂಟಿ’ ವಿಷಯಕ್ಕೆ ಬರುತ್ತೇನೆ. ಎಂಥ ಕೆಲಸ, ಎಲ್ಲಿ, ಎಷ್ಟು ಸಂಬಳ, ಸಿಗದಿದ್ದರೆ ಫೀಸು ವಾಪಸ್ಸಾ ಅಂತ ಬರೆದುಕೊಡಲು ಕೇಳಿ. ಬರೆದುಕೊಡದಿದ್ದರೆ ಆ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ಬ್ಯಾಚಿನಲ್ಲಿ ಕಲಿತ ಇಬ್ಬರ ಜೊತೆ ಮಾತಾಡಿ. ‘ವರ್ಷ ಮುಚ್ಚುವುದನ್ನು ನೀವೇ ಮಾಡಿದ್ದೀರಾ?’ ಅಂತ ಕೇಳಿದರೆ ಬೇಕಾದ್ದೆಲ್ಲ ತಿಳಿಯುತ್ತದೆ. ಸರ್ಟಿಫಿಕೇಟು ಸಂದರ್ಶನದ ಬಾಗಿಲವರೆಗೆ ಬರುತ್ತದೆ. ಒಳಗೆ ಹೋದ ಮೇಲೆ ಒಂದು ವೋಚರ್ ಕೊಟ್ಟು ‘ಇದನ್ನು ಹಾಕಿ ತೋರಿಸಿ’ ಅಂದರೆ ನಿಮ್ಮ ಕೈಯೇ ಉತ್ತರ ಹೇಳಬೇಕು. ನೀವು ಪೂರ್ತಿ ಒಂದು ವರ್ಷ ಬರೆದ ಅಭ್ಯಾಸದ ಲೆಕ್ಕ ಇದ್ದರೆ ಅದರ ಪ್ರಿಂಟ್ ತೆಗೆದುಕೊಂಡು ಹೋಗಿ.

ಕೆಲಸಕ್ಕೆ ಸೇರಿದ ಮೇಲೆ ನೆನಪಿಡಬೇಕಾದ ಒಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊಸಬರು ಇದರಲ್ಲೇ ಸಿಕ್ಕಿಬೀಳುತ್ತಾರೆ. ನಿಮ್ಮ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಪಕ್ಕದ ಮೇಜಿನ ಹಿರಿಯರಿಗೂ. ಒಳ್ಳೆಯ ಸಾಫ್ಟ್‌ವೇರ್ ಯಾರು, ಯಾವಾಗ, ಯಾವ ಎಂಟ್ರಿ ಹಾಕಿದರು, ತಿದ್ದಿದರು ಅಂತ ದಾಖಲೆ ಇಡುತ್ತದೆ. ನಿಮ್ಮ ಹೆಸರಿನಲ್ಲಿ ಬೇರೆಯವರು ಹಾಕಿದ ಎಂಟ್ರಿಗೂ ನೀವೇ ಉತ್ತರ ಕೊಡಬೇಕಾಗುತ್ತದೆ. ಹಣ ಪಾವತಿ ಮಾಡುವ ಅಧಿಕಾರ ಮತ್ತು ಅದರ ಲೆಕ್ಕ ಬರೆಯುವ ಕೆಲಸ ಎರಡೂ ನಿಮ್ಮೊಬ್ಬರಿಗೇ ಕೊಟ್ಟರೆ, ಪಾವತಿಗೆ ಇನ್ನೊಬ್ಬರ ಸಹಿ ಇರಲಿ ಅಂತ ವಿನಯದಿಂದ ಕೇಳಿ. ಅದು ಮಾಲೀಕರಿಗೆ ಎಷ್ಟು ರಕ್ಷಣೆಯೋ ನಿಮಗೂ ಅಷ್ಟೇ.

ವಯಸ್ಸಿನ ಬಗ್ಗೆ, ಕಾಮರ್ಸ್ ಓದಿಲ್ಲ ಅನ್ನುವ ಬಗ್ಗೆ ಚಿಂತೆ ಬೇಡ. ಆಡಿಟರ್ ಆಗಲು ದೊಡ್ಡ ಪರೀಕ್ಷೆಗಳಿವೆ. ಲೆಕ್ಕ ಬರೆಯುವ ಕೆಲಸಕ್ಕೆ ಬೇಕಾದ್ದು ಕೂಡಿಸು, ಕಳೆ, ಶೇಕಡಾ, ಮತ್ತು ಬಿಡದೆ ನೋಡುವ ಕಣ್ಣು. ನನ್ನ ಹತ್ತಿರ ಕಲಿತವರಲ್ಲಿ ತಡವಾಗಿ ಬಂದವರು ಬಿಲ್ಲನ್ನು ಓದುವ ರೀತಿಯೇ ಬೇರೆ. ದುಡ್ಡು ಹೇಗೆ ಖರ್ಚಾಗುತ್ತದೆ ಅಂತ ಅವರಿಗೆ ಬದುಕಿನಿಂದ ಗೊತ್ತಿರುತ್ತದೆ. ಮೊದಲು ಅಕೌಂಟ್ಸ್ ಸಹಾಯಕಿಯಾಗಿ ಸೇರಬಹುದು. ಬಾಕಿ ವಸೂಲಿ, ಪಾವತಿ, ಸಂಬಳದ ಲೆಕ್ಕ, ಹೀಗೆ ಒಂದೊಂದೇ ವಿಭಾಗ ನೋಡಿಕೊಂಡರೆ ಆಮೇಲೆ ಪೂರ್ತಿ ಪುಸ್ತಕ ನಿಮ್ಮ ಕೈಗೆ ಬರುತ್ತದೆ. ನಾಲ್ಕಾರು ಸಣ್ಣ ವ್ಯಾಪಾರಗಳ ಲೆಕ್ಕವನ್ನು ಮನೆಯಿಂದಲೇ ಬರೆದು ಚೆನ್ನಾಗಿ ದುಡಿಯುವವರೂ ಇದ್ದಾರೆ.

ಫೀಸು ಕಟ್ಟುವ ಮೊದಲು ಒಂದು ತಿಂಗಳು ತಡೆಯಿರಿ. ಗ್ನೂಕ್ಯಾಶ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ದ್ವಿನಮೂದು ಪದ್ಧತಿಯಲ್ಲೇ ನಡೆಯುತ್ತದೆ. ಅದರಲ್ಲಿ ನಿಮ್ಮ ಮನೆಯ ಲೆಕ್ಕ 30 ದಿನ ಬರೆಯಿರಿ. ನಗದು, ಬ್ಯಾಂಕ್, ಸಾಲ, ಪ್ರತಿ ಖರ್ಚಿಗೂ ಒಂದೊಂದು ಖಾತೆ. ತಿಂಗಳ ಕೊನೆಗೆ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದು ಒಂದೊಂದೇ ಸಾಲು ಟಿಕ್ ಮಾಡಿ. ವ್ಯತ್ಯಾಸ ಬಂದಾಗ ಬೇಸರವಾಗುತ್ತದಾ, ಹುಡುಕಿಯೇ ತೀರಬೇಕು ಅನ್ನಿಸುತ್ತದಾ ಅಂತ ನಿಮಗೇ ತಿಳಿಯುತ್ತದೆ. ಹುಡುಕಬೇಕು ಅನ್ನಿಸಿದರೆ ಕೋರ್ಸಿಗೆ ಸೇರಿ, ನಾನು ಹೇಳಿದ ಪ್ರಶ್ನೆಗಳನ್ನು ಕೇಳಿಯೇ ಸೇರಿ. ಇಂದೇ ಶುರು ಮಾಡಬಹುದು: ಪರ್ಸಿನಲ್ಲಿರುವ ದುಡ್ಡನ್ನು ಚಿಲ್ಲರೆ ಸಮೇತ ಎಣಿಸಿ, ಇಂದಿನ ತಾರೀಖು ಹಾಕಿ, ಅದನ್ನು ‘ಆರಂಭದ ಶಿಲ್ಕು’ ಅಂತ ಬರೆಯಿರಿ.